ಒಂದು ಯಂತ್ರ, ಹಲವು ಬಿಡಾರ
(ಸಂಘದ ರಾಜ್ಯೋತ್ಸವ ಸಭೆಯಲ್ಲಿ ಮಾಡಿದ ಭಾಷಣ)



ಮುಂಬಯಿಗೆ ಬಂದು ನೆಲೆಸಿದ ನಮಗೆ ಬಾಡಿಗೆಯ ವಿಚಾರವನ್ನು ಯಾರೂ ಹೊಸದಾಗಿ ಕಲಿಸಬೇಕಾಗಿಲ್ಲ. ಆ ತಿಳಿವಳಿಕೆಯೇ ಇಂದು ಸರ್ವರ್ ಯಂತ್ರಗಳ ವಿಷಯದಲ್ಲಿಯೂ ನಮ್ಮ ಕೆಲಸಕ್ಕೆ ಬರುವಂತಿದೆ. ನಮ್ಮಲ್ಲಿ ಹೋಟೆಲು, ಮುದ್ರಣಾಲಯ, ಸಹಕಾರಿ ಸೊಸೈಟಿಗಳನ್ನು ನಡೆಸುವವರಿದ್ದಾರೆ. ಅನೇಕರ ಮಕ್ಕಳು ಗಣಕಯಂತ್ರದ ಉದ್ಯೋಗದಲ್ಲಿದ್ದಾರೆ. ಆದುದರಿಂದ ಈ ಮಾತು ಯಾರಿಗೂ ಹೊರಗಿನದಲ್ಲ.

ಒಂದೇ ಯಂತ್ರವನ್ನು ತಂತ್ರಾಂಶದ ಬಲದಿಂದ ಹಲವು ಯಂತ್ರಗಳಂತೆ ದುಡಿಸುವುದಕ್ಕೆ ವರ್ಚುವಲೈಸೇಷನ್ ಎಂದು ಹೆಸರು. ವಠಾರವನ್ನು ನೆನೆಯಿರಿ: ಕಟ್ಟಡ ಒಂದು, ನೀರಿನ ತೊಟ್ಟಿ ಒಂದು, ಸಂಸಾರಗಳು ಹತ್ತು, ಪ್ರತಿ ಸಂಸಾರಕ್ಕೂ ತನ್ನದೇ ಬಾಗಿಲು, ತನ್ನದೇ ಬೀಗ. ಐಬಿಎಂ ಸಂಸ್ಥೆ ೧೯೭೨ರಲ್ಲಿಯೇ ತನ್ನ ದೊಡ್ಡ ಯಂತ್ರಗಳಿಗೆ ಇಂಥ ಏರ್ಪಾಡನ್ನು ಮಾರಿತು. ೧೯೯೮ರಲ್ಲಿ ಅಮೆರಿಕದಲ್ಲಿ ಹುಟ್ಟಿದ ವಿಎಂವೇರ್, ೨೦೦೧ರಲ್ಲಿ ಇದನ್ನು ಸಾಮಾನ್ಯ ಸರ್ವರುಗಳಿಗೂ ತಂದಿತು.

ಸ್ಥಾಪನೆ ಕಷ್ಟವೇನಲ್ಲ. ನಮ್ಮ ಯಂತ್ರ ತಯಾರಕರ ಹೊಂದಾಣಿಕೆಯ ಪಟ್ಟಿಯಲ್ಲಿದೆಯೇ ಎಂದು ಮೊದಲು ನೋಡಬೇಕು. ಪ್ರೊಸೆಸರಿನಲ್ಲಿ ಈ ಸೌಲಭ್ಯವನ್ನು ತೆರೆದಿರಬೇಕು. ತೊಡಕಿರುವುದು ಲೈಸೆನ್ಸಿನಲ್ಲಿ.

ಹಿಂದೆ ಅದು ಪಗಡಿಯಂತಿತ್ತು: ಒಮ್ಮೆ ದೊಡ್ಡ ಮೊತ್ತ ಕೊಟ್ಟರೆ ಸದಾ ವಾಸ; ದುರಸ್ತಿಗೆ ಮಾತ್ರ ಬೇರೆ ಹಣ. ೨೦೨೩ರ ನವೆಂಬರಿನಲ್ಲಿ ಬ್ರಾಡ್‌ಕಾಮ್ ವಿಎಂವೇರನ್ನು ಕೊಂಡಿತು. ಡಿಸೆಂಬರಿನಲ್ಲಿಯೇ ಶಾಶ್ವತ ಲೈಸೆನ್ಸುಗಳ ಮಾರಾಟವನ್ನು ನಿಲ್ಲಿಸಿತು. ಈಗಿರುವುದು ನಮ್ಮ ಲೀವ್ ಅಂಡ್ ಲೈಸೆನ್ಸ್ ಕರಾರಿನಂಥದು. ಅವಧಿ ಮುಗಿದೊಡನೆ ಮತ್ತೆ ಹಣ. ಲೆಕ್ಕ ಪ್ರೊಸೆಸರಿನ ಕೋರುಗಳ ಮೇಲೆ; ಒಂದು ಪ್ರೊಸೆಸರಿಗೆ ಕನಿಷ್ಠ ೧೬. ಎಂಟೆಂಟು ಕೋರುಗಳ ಎರಡು ಪ್ರೊಸೆಸರುಗಳುಳ್ಳ ಸಣ್ಣ ಯಂತ್ರದಲ್ಲಿ ಇರುವುದು ೧೬, ಹಣ ಕಟ್ಟುವುದು ೩೨ಕ್ಕೆ!

ಪಗಡಿಯವರನ್ನು ಹೊರಗೆ ಹಾಕಲಿಲ್ಲ, ನಿಜ. ಆದರೆ ಅವರ ಬೆಂಬಲದ ಕರಾರನ್ನು ನವೀಕರಿಸಲಿಲ್ಲ. ಏಳನೆಯ ಆವೃತ್ತಿಯ ಸಾಮಾನ್ಯ ಬೆಂಬಲ ೨೦೨೫ರ ಅಕ್ಟೋಬರ್ ೨ಕ್ಕೆ ಮುಗಿಯಿತು; ಅದರ ಲೈಸೆನ್ಸು ಎಂಟನೆಯದಕ್ಕೆ ನಡೆಯದು. ಮನೆ ಉಳಿಯಿತು, ಮಾಡು ಸೋರಿದರೆ ಕೇಳುವವರಿಲ್ಲ. ಲೆಕ್ಕಪತ್ರಗಳಿರುವ ಯಂತ್ರಕ್ಕೆ ಇದು ಸಣ್ಣ ಅಪಾಯವಲ್ಲ.

ಹೊಸ ಆವೃತ್ತಿಗೆ ಏರುವಾಗ ಕ್ರಮ ತಪ್ಪಬಾರದು. ಮೊದಲು ಎಲ್ಲವನ್ನೂ ಬೇರೆ ಜಾಗದಲ್ಲಿ ನಕಲು ಮಾಡಿಡಬೇಕು. ಸ್ನ್ಯಾಪ್‌ಶಾಟ್ ನಕಲಲ್ಲ, ಅದೇ ವಠಾರದಲ್ಲಿರುವ ವಸ್ತು. ಅನಂತರ ನಿರ್ವಹಣೆಯ ತಂತ್ರಾಂಶವಾದ ವಿಸೆಂಟರ್. ಕೊನೆಗೆ ಒಂದೊಂದೇ ಸರ್ವರು, ಅದರಲ್ಲಿರುವ ಬಿಡಾರಗಳನ್ನು ಪಕ್ಕದ ಸರ್ವರಿಗೆ ಸಾಗಿಸಿಕೊಂಡು.

ಬೇರೆ ದಾರಿಯೂ ಉಂಟು. ೨೦೦೭ರಿಂದ ಲಿನಕ್ಸಿನೊಳಗೇ ಕೆವಿಎಂ ಇದೆ. ಅದನ್ನು ಬಳಸುವ ಪ್ರಾಕ್ಸ್‌ಮಾಕ್ಸ್ ಮುಕ್ತ ತಂತ್ರಾಂಶ. ಹಣ ಬೇಕಾದುದು ತಯಾರಕರ ಬೆಂಬಲಕ್ಕೆ. ವಿಎಂವೇರಿನ ಬಿಡಾರಗಳನ್ನು ಅದಕ್ಕೆ ಸಾಗಿಸುವ ಸಾಧನ ೨೦೨೪ರಲ್ಲಿ ಬಂದಿತು. ಆದರೆ ಕಲಿಯುವ ಶ್ರಮವೂ ವೆಚ್ಚವೇ.

ನಾವು ಹೇಳುವುದಿಷ್ಟೆ: ಮಾರಲು ಬಂದವನನ್ನು ಬೆಲೆ ಕೇಳಿದಷ್ಟೇ ಗಟ್ಟಿಯಾಗಿ, ಕರಾರು ಮುಗಿದ ಮರುದಿನ ಏನು, ಬಿಟ್ಟುಹೋಗುವ ದಾರಿ ಯಾವುದು ಎಂದೂ ಕೇಳಬೇಕು. ಮನೆ ಹಿಡಿಯುವಾಗ ನಾವೆಲ್ಲರೂ ಕೇಳಿಯೇ ಇದ್ದೇವೆ. ಯಂತ್ರದ ಮುಂದೆ ಮಾತ್ರ ಸಂಕೋಚವೇಕೆ?