ಮಿಠಾಯಿ ಮಷಿನ್ ಕೊಳ್ಳೋ ಮುಂಚೆ ಜೇಬಿನ ಚಿಲ್ಲರೆ ನೋಡಿ

ಇವತ್ತಿನ ಮಾತು ಮಿಠಾಯಿ ಮಷಿನ್ ಬಗ್ಗೆ. ಮಾಲ್‌ಗಳಲ್ಲಿ ನೋಡಿರ್ತೀರಿ: ಮೇಲೆ ಗುಂಡನೆಯ ಗಾಜಿನ ಬುರುಡೆ, ಒಳಗೆ ಗೋಲಿಯಂಥ ಬಣ್ಣಬಣ್ಣದ ಮಿಠಾಯಿ, ಕೆಳಗೆ ನಾಣ್ಯ ಹಾಕಿ ತಿರುಗಿಸೋ ಹಿಡಿ. ಈಗ ರೀಲ್ಸ್ ತುಂಬಾ ಇದೇ. ಅಮೆರಿಕದ ಯಾರೋ ಒಬ್ಬ ಹುಡುಗ ಬೀಗ ತೆಗೆದು ನಾಣ್ಯಗಳನ್ನ ಬಕೆಟ್‌ಗೆ ಸುರೀತಾನೆ, ಹಿಂದೆ ಮ್ಯೂಸಿಕ್ಕು, ಕೆಳಗೆ 'ಮಲಗಿದ್ರೂ ದುಡ್ಡು' ಅಂತ ಬರಹ. ಅದನ್ನ ನೋಡಿದವರು ನಮ್ಮನ್ನ ಕೇಳ್ತಾರೆ, "ನಮ್ಮೂರಲ್ಲೂ ಹಾಕಬಹುದಾ? ಯಾವ ಮಷಿನ್ ಗಟ್ಟಿ?" ಕೇಳೋರಲ್ಲಿ ಝೆರಾಕ್ಸ್ ಅಂಗಡಿ ಇಟ್ಟವರಿದ್ದಾರೆ, ಅಪ್ಪನ ಬೇಕರಿಯಲ್ಲಿ ಕೂರೋರಿದ್ದಾರೆ. ಹಾಕೋದು ಕೂಡಿಟ್ಟ ದುಡ್ಡು. ಹಾಗಾಗಿ ಸ್ವಲ್ಪ ಬಿಡಿಸಿ ಹೇಳ್ತೀನಿ.

ಮೊದಲು, ಅಲ್ಲಿ ಅದು ಯಾಕೆ ನಡೆಯುತ್ತೆ? ಅಲ್ಲಿನ ಮಷಿನ್ ಇರೋದೇ ಒಂದು ನಾಣ್ಯದ ಸುತ್ತ. 25 ಸೆಂಟಿನ ನಾಣ್ಯ, ಅವರು ಕ್ವಾರ್ಟರ್ ಅಂತಾರೆ. ಅದರ ಅಗಲ 24.26 ಮಿ.ಮೀ. ಅಜ್ಜನ ಕಾಲದಲ್ಲೂ ಹೆಚ್ಚುಕಮ್ಮಿ ಅಷ್ಟೇ, ಮೊಮ್ಮಗನ ಕಾಲದಲ್ಲೂ ಅಷ್ಟೇ. ಹಾಗಾಗಿ ಒಳಗಿನ ಕಬ್ಬಿಣದ ಕೆಲಸ ತುಂಬಾ ಸರಳ. ಸರಿಯಾದ ಅಗಲದ, ಸರಿಯಾದ ದಪ್ಪದ ನಾಣ್ಯ ಕೂತರೆ ಹಿಡಿ ತಿರುಗುತ್ತೆ. ಹಿಡಿಯ ಜೊತೆ ಒಂದು ಚಕ್ರ ತಿರುಗುತ್ತೆ, ಚಕ್ರದ ಗುಳಿಯಲ್ಲಿದ್ದ ಮಿಠಾಯಿ ಕೆಳಗೆ ಬೀಳುತ್ತೆ. ಕರೆಂಟ್ ಬೇಡ, ನೆಟ್‌ವರ್ಕ್ ಬೇಡ. ನಾರ್ತ್‌ವೆಸ್ಟರ್ನ್, ಬೀವರ್ ಅಂತ ಹಳೇ ಹೆಸರುಗಳಿವೆ. ಅಂಥವನ್ನ ಜನ ಸೆಕೆಂಡ್ ಹ್ಯಾಂಡ್‌ನಲ್ಲೂ ಹುಡುಕಿ ತಗೋತಾರೆ, ಯಾಕಂದ್ರೆ ಒಂದು ಭಾಗ ಸವೆದರೆ ಅದೊಂದನ್ನೇ ತರಿಸಿ ಹಾಕಬಹುದು.

ಈಗ ನಮ್ಮ ಕಡೆ ಬನ್ನಿ. ನಮ್ಮಲ್ಲಿ ನಾಣ್ಯ ಮತ್ತು ಮಿಠಾಯಿಯ ಸಂಬಂಧವೇ ಬೇರೆ. ಕಿರಾಣಿ ಅಂಗಡಿಯಲ್ಲಿ ಒಂದು ರೂಪಾಯಿ ಚಿಲ್ಲರೆ ಇಲ್ಲ ಅಂದ್ರೆ ಕೈಗೆ ಒಂದು ಚಾಕ್ಲೇಟ್ ಇಟ್ಟು ಕಳಿಸ್ತಾರಲ್ಲ. ಅಂದ್ರೆ ಇಲ್ಲಿ ಮಿಠಾಯಿಯೇ ನಾಣ್ಯ! ನಗು ಬರಬಹುದು, ಆದ್ರೆ ಮಷಿನ್ ಕೊಳ್ಳೋನಿಗೆ ನಿಜವಾದ ತಲೆನೋವು ಇಲ್ಲಿಂದಲೇ ಶುರು.

ಜೇಬಿನಲ್ಲಿ ಚಿಲ್ಲರೆ ಇದ್ರೆ ಈಗಲೇ ತೆಗೆದು ಜೋಡಿಸಿ ನೋಡಿ. ಹೆಬ್ಬೆರಳು ಎತ್ತಿ ತೋರಿಸೋ ಕೈಯ ಚಿತ್ರ ಇರೋ ಹಳೇ 1 ರೂಪಾಯಿ 25 ಮಿ.ಮೀ. ಅಗಲ. 2011ರಲ್ಲಿ ರೂಪಾಯಿ ಚಿಹ್ನೆಯ ಜೊತೆ ಬಂದ 2 ರೂಪಾಯಿಯೂ 25 ಮಿ.ಮೀ. ತೂಕವೂ ಒಂದೇ, ಲೋಹವೂ ಅದೇ ಸ್ಟೀಲು. 2019ರಲ್ಲಿ ಬಂದ ಹೊಸ ಸರಣಿಯ 5 ರೂಪಾಯಿ? ಅದೂ 25 ಮಿ.ಮೀ. ಮುಗೀಲಿಲ್ಲ. 2011ರ ಸರಣಿಯ 5 ರೂಪಾಯಿ 23 ಮಿ.ಮೀ., ಹೊಸ 2 ರೂಪಾಯಿಯೂ 23 ಮಿ.ಮೀ. ಕಣ್ಣಿದ್ದವರೇ ಅಂಗಡಿಯಲ್ಲಿ ತಿರುಗಿಸಿ ತಿರುಗಿಸಿ ನೋಡ್ತೀವಿ. ಅಗಲ ಮಾತ್ರ ಅಳೆಯೋ ಕಬ್ಬಿಣದ ಮಷಿನ್‌ಗೆ ಹೇಗೆ ಗೊತ್ತಾಗಬೇಕು? ಅದಕ್ಕೇ, '5 ರೂಪಾಯಿ ನಾಣ್ಯಕ್ಕೆ ಸೆಟ್ ಮಾಡಿದ ಮಷಿನ್' ಅಂತ ಯಾರಾದ್ರೂ ಮಾರೋಕೆ ಬಂದ್ರೆ, 'ಯಾವ 5 ರೂಪಾಯಿ?' ಅಂತ ಕೇಳಿ. ಉತ್ತರಕ್ಕೆ ತಡವರಿಸಿದರೆ ಅಲ್ಲಿಂದ ಎದ್ದು ಬನ್ನಿ.

ನನ್ನ ಅಭಿಪ್ರಾಯ: ನಾಣ್ಯದ ಮಷಿನ್ ತಗೊಳ್ಳೋದೇ ಆದ್ರೆ 10 ರೂಪಾಯಿಯದ್ದು ತಗೊಳ್ಳಿ. ಎರಡು ಬಣ್ಣದ ಆ ನಾಣ್ಯದ ಚಿತ್ರ ಎಷ್ಟು ಸಲ ಬದಲಾದರೂ ಅಗಲ 27 ಮಿ.ಮೀ. ಆಗಿಯೇ ಉಳಿದಿದೆ. ಚಿತ್ರ ಬೇರೆ ಬೇರೆ ಅಂತ ನಮ್ಮ ಜನ ಅದನ್ನ ನಕಲಿ ಅಂದುಕೊಂಡು ವಾಪಸ್ ಕೊಡ್ತಿದ್ರು, ಬಸ್ಸಲ್ಲಿ ಜಗಳ ಆಗ್ತಿತ್ತು. 2018ರ ಜನವರಿಯಲ್ಲಿ ರಿಸರ್ವ್ ಬ್ಯಾಂಕ್, ಅಲ್ಲಿವರೆಗೆ ಬಂದ 14 ವಿನ್ಯಾಸಗಳೂ ಅಸಲಿಯೇ ಅಂತ ಸ್ಪಷ್ಟನೆ ಕೊಡಬೇಕಾಯ್ತು. ಮನುಷ್ಯರಿಗೆ ಅನುಮಾನ ಹುಟ್ಟಿಸಿದ ನಾಣ್ಯ ಮಷಿನ್‌ಗೆ ಒಳ್ಳೇ ನಾಣ್ಯ!

ಒಂದು ಕಳ್ಳದಾರಿ ಮಾತ್ರ ಇದೆ. 2005ರಿಂದ 2011ರ ನಡುವೆ ಬಂದ 2 ರೂಪಾಯಿ ನಾಣ್ಯವೂ ಸುಮಾರು 27 ಮಿ.ಮೀ. ಅದು ತೆಳು, 10 ರೂಪಾಯಿ ದಪ್ಪ. ಒಳ್ಳೇ ಮಷಿನ್ ದಪ್ಪ ನೋಡಿ ತಡೆಯುತ್ತೆ, ಅಗ್ಗದ್ದು ಬಿಟ್ಟುಬಿಡುತ್ತೆ. ಮಕ್ಕಳಿಗೆ ಇದು ಗೊತ್ತಾಗೋಕೆ ಒಂದು ವಾರ ಸಾಕು. ಹಾಗಾಗಿ ಮಷಿನ್ ನೋಡೋಕೆ ಹೋಗುವಾಗ ಒಂದು ಚೀಲದಲ್ಲಿ ಎಲ್ಲಾ ಕಾಲದ ನಾಣ್ಯಗಳನ್ನ ಹಾಕ್ಕೊಂಡು ಹೋಗಿ, ಸವೆದವನ್ನೂ ಬಿಡಬೇಡಿ. ಅಲ್ಲೇ ನಿಂತು ನೂರು ಸಲ ತಿರುಗಿಸಿ. ಮಾರೋನು ಮುಖ ಸಿಂಡರಿಸಿದರೆ ಸಿಂಡರಿಸಲಿ.

'ಈ ಕಾಲದಲ್ಲಿ ನಾಣ್ಯ ಯಾರ ಹತ್ರ ಇದೆ, ಎಲ್ಲಾ ಫೋನ್‌ಪೇ, ಗೂಗಲ್‌ಪೇ ಅಲ್ವಾ' ಅಂತ ನೀವು ಕೇಳೇ ಕೇಳ್ತೀರಿ. ಸರಿ. ಆದ್ರೆ ಹಿಡಿ ತಿರುಗಿಸೋ ಮಷಿನ್‌ಗೆ ಒಂದು ಕ್ಯೂಆರ್ ಸ್ಟಿಕ್ಕರ್ ಅಂಟಿಸಿದರೆ ಅದು ಯುಪಿಐ ಮಷಿನ್ ಆಗಲ್ಲ. ದುಡ್ಡು ಬಂತು ಅಂತ ಮಷಿನ್‌ಗೆ ತಿಳೀಬೇಕು. ಅದಕ್ಕೆ ಪ್ರತಿ ಸಲ ಹೊಸ ಕ್ಯೂಆರ್ ತೋರಿಸೋ ಪರದೆ, ಮೋಟಾರು, ಸಿಮ್ ಅಥವಾ ವೈಫೈ, ಕರೆಂಟು ಎಲ್ಲಾ ಬೇಕು. ಕೆಡೋ ಜಾಗಗಳೂ ಅಷ್ಟೇ ಹೆಚ್ಚು. ಇಂಥದ್ದು ತಗೊಂಡರೆ ಮೂರು ಸಂಗತಿ ಕಣ್ಣಾರೆ ನೋಡಿ. ದುಡ್ಡು ಕಟ್ ಆಗಿ ಮಿಠಾಯಿ ಬೀಳದಿದ್ರೆ ಅದನ್ನ ಪತ್ತೆ ಹಚ್ಚೋ ಸೆನ್ಸರ್ ಇದೆಯಾ, ದುಡ್ಡು ತಾನಾಗೇ ವಾಪಸ್ ಹೋಗುತ್ತಾ? ದುಡ್ಡು ಹಾಕಿದ ಕ್ಷಣದಲ್ಲೇ ಪ್ಲಗ್ ಕಿತ್ತರೆ ಏನಾಗುತ್ತೆ? ಕಿತ್ತೇ ನೋಡಿ. ಮತ್ತೆ, ನೀವು ಮಷಿನ್ ಇಡೋ ಮೂಲೆಯಲ್ಲಿ ಸಿಗ್ನಲ್ ಇದೆಯಾ? ಬೇಸ್‌ಮೆಂಟಿನ ಫುಡ್ ಕೋರ್ಟಲ್ಲಿ ನಿಮ್ಮ ಫೋನೇ ಕೆಲಸ ಮಾಡಲ್ಲ ಅಂದ್ರೆ ಮಷಿನ್ನೂ ಮಾಡಲ್ಲ.

ಬ್ಯಾಂಕ್ ಖಾತೆಯಿಂದ ನೇರ ಬರೋ ಯುಪಿಐ ಪಾವತಿಗೆ 2020ರ ಜನವರಿಯಿಂದ ವ್ಯಾಪಾರಿ ಮೇಲೆ ಎಂಡಿಆರ್ ಶುಲ್ಕ ಇಲ್ಲ. ಆದ್ರೆ ಮಷಿನ್ ಮಾರೋನು ಸಾಫ್ಟ್‌ವೇರ್‌ಗೆ ಅಂತ ತಿಂಗಳ ಬಾಡಿಗೆ ಕೇಳಬಹುದು. ಅದನ್ನ ಮೊದಲೇ ಬಾಯಿಬಿಡಿಸಿ. ಅಂದ ಹಾಗೆ, ಕ್ಯೂಆರ್ ಸ್ಕ್ಯಾನ್ ಮಾಡಿದ್ರೆ ನಾಣ್ಯ ಕೊಡೋ ಮಷಿನ್ನನ್ನ 12 ನಗರಗಳಲ್ಲಿ ಪ್ರಯೋಗ ಮಾಡ್ತೀವಿ ಅಂತ ರಿಸರ್ವ್ ಬ್ಯಾಂಕ್ 2023ರಲ್ಲಿ ಹೇಳಿತ್ತು. ಚಿಲ್ಲರೆಯ ಕಥೆ ಅಷ್ಟು ಸುಲಭಕ್ಕೆ ಮುಗಿಯೋದಲ್ಲ.

ಒಳಗೆ ಏನು ತುಂಬ್ತೀರಿ ಅನ್ನೋದೂ ಮಷಿನ್ನಿನ ಆಯಸ್ಸನ್ನ ತೀರ್ಮಾನ ಮಾಡುತ್ತೆ. ಚಾಕೊಲೇಟಿನ ಕೋಕೊ ಬೆಣ್ಣೆ 34 ಡಿಗ್ರಿ ಆಸುಪಾಸಿನಲ್ಲಿ ಕರಗುತ್ತೆ. ರಾಯಚೂರು, ಕಲಬುರಗಿಯಲ್ಲಿ ಏಪ್ರಿಲ್ ಬಂದ್ರೆ 40 ದಾಟುತ್ತೆ. ಬುರುಡೆಯೊಳಗೆ ಏನಾಗುತ್ತೆ ಅಂತ ನೀವೇ ಊಹಿಸಿ. ಮಂಗಳೂರು, ಕಾರವಾರದ ಮಳೆಗಾಲದಲ್ಲಿ ಇನ್ನೊಂದು ಕಷ್ಟ: ಗಾಳಿಯ ತೇವಕ್ಕೆ ಸಕ್ಕರೆ ಮಿಠಾಯಿ ಒಂದಕ್ಕೊಂದು ಅಂಟಿ ಉಂಡೆ ಆಗುತ್ತೆ, ಚಕ್ರ ಸಿಕ್ಕಿಹಾಕಿಕೊಳ್ಳುತ್ತೆ. ಮೇಲೆ ಗಟ್ಟಿ ಹೊಳಪಿನ ಲೇಪ ಇರೋ ದುಂಡನೆಯ ಮಿಠಾಯಿ, ಗಮ್‌ಬಾಲ್ ಇವು ಸಲೀಸು. ಎರಡೂ ತುದಿ ತಿರುಚಿದ ಕಾಗದದ ಚಾಕ್ಲೇಟು ಈ ಚಕ್ರಕ್ಕೆ ಆಗಲ್ಲ, ಕಾಗದದ ಕಿವಿ ಸಂದಿಯಲ್ಲಿ ಸಿಗುತ್ತೆ. ಅದನ್ನ ಮಾರಬೇಕಂದ್ರೆ ಸುರುಳಿ ತಂತಿಯ ಮಷಿನ್ ಬೇಕು.

ಇನ್ನು ಇರುವೆ. ಯಾವ ವಿಡಿಯೋದಲ್ಲೂ ಇದನ್ನ ಹೇಳಲ್ಲ! ತಿನ್ನೋ ವಸ್ತು ಇರೋ ಕಡೆ ಸೀಮೆಸುಣ್ಣದ ವಿಷ ಬಳಿಯೋ ಹಾಗಿಲ್ಲ. ದಾರಿ ಒಂದೇ, ಸಕ್ಕರೆ ಪುಡಿ ಉಳಿಯದ ಹಾಗೆ ಒರೆಸೋದು. ಹಾಗಾಗಿ ಚಕ್ರ ಮತ್ತು ಮಿಠಾಯಿ ಜಾರೋ ದೋಣಿಯನ್ನ ಸಲಕರಣೆ ಇಲ್ಲದೆ ಕೈಯಲ್ಲೇ ಬಿಚ್ಚಿ ತೊಳೆಯೋಕೆ ಬರಬೇಕು. ಮೈ ಎರಕದ ಲೋಹದ್ದಾಗಿರಲಿ, ಬುರುಡೆ ಪಾಲಿಕಾರ್ಬೊನೇಟ್‌ದಾಗಿರಲಿ. ಅಕ್ರಿಲಿಕ್ ಬಿದ್ದರೆ ಬಿರುಕು ಬಿಡುತ್ತೆ. ಪ್ಲಾಸ್ಟಿಕ್ ಹಲ್ಲಿನ ಚಕ್ರ ಇದ್ರೆ ಅದರ ಬಿಡಿಭಾಗ ಇಲ್ಲೇ ಸಿಗುತ್ತಾ ಕೇಳಿ. 'ತರಿಸಿ ಕೊಡ್ತೀವಿ' ಅಂದ್ರೆ ಎರಡು ಚಕ್ರ ಹೆಚ್ಚಿಗೆ ಕೊಟ್ಟೇ ಮಷಿನ್ ಕೊಡಿ ಅನ್ನಿ.

ಲೆಕ್ಕ ಒಂದು ಹಾಕೋಣ. ಇವು ನಾನು ಅಂದಾಜಿಗೆ ಇಟ್ಟ ಅಂಕಿ, ನಿಮ್ಮ ಊರಿನ ದರ ನೀವು ಹಾಕ್ಕೊಳ್ಳಿ. ಮಷಿನ್ 18,000 ರೂಪಾಯಿ. ಒಂದು ಸಲ ತಿರುಗಿಸಿದರೆ 10 ರೂಪಾಯಿ. ಅದರಲ್ಲಿ ಮಾಲು 4 ರೂಪಾಯಿ, ಜಾಗ ಕೊಟ್ಟವರಿಗೆ 2 ರೂಪಾಯಿ, ನಿಮಗೆ ಉಳಿಯೋದು 4. ಹಾಕಿದ ದುಡ್ಡು ವಾಪಸ್ ಬರೋಕೆ 4,500 ಸಲ ತಿರುಗಬೇಕು. ದಿನಕ್ಕೆ 20 ಅಂದ್ರೆ 225 ದಿನ. ದಿನಕ್ಕೆ 5 ಅಂದ್ರೆ 900 ದಿನ, ಎರಡೂವರೆ ವರ್ಷದ ಹತ್ತಿರ. ನಿಮ್ಮ ಓಡಾಟದ ಪೆಟ್ರೋಲ್ ಇದರಲ್ಲಿ ಸೇರಿಲ್ಲ. ಅದಕ್ಕೇ ಹೇಳೋದು, ಮೊದಲ ಮಷಿನ್ ನಿಮ್ಮ ಸ್ವಂತ ಅಂಗಡಿಯಲ್ಲೇ ಇರಲಿ. ಜಾಗದ ಪಾಲು ಉಳಿಯುತ್ತೆ, ದಿನಕ್ಕೆ ಎಷ್ಟು ತಿರುಗುತ್ತೆ ಅಂತ ಕಣ್ಣೆದುರೇ ಗೊತ್ತಾಗುತ್ತೆ. ಬಿದ್ದ ನಾಣ್ಯ ಗಲ್ಲಾಪೆಟ್ಟಿಗೆಗೆ ಚಿಲ್ಲರೆಯೂ ಆಗುತ್ತೆ. ಒಮ್ಮೆಗೇ ಐದು ತಗೊಂಡ್ರೆ ರಿಯಾಯಿತಿ ಅನ್ನೋ ಮಾತಿಗೆ ಕಿವಿಗೊಡಬೇಡಿ.

ಮಕ್ಕಳು ಅಂದ ತಕ್ಷಣ ಶಾಲೆ ಗೇಟು ನೆನಪಾಗುತ್ತೆ. ಅಲ್ಲಿ ಬೇಡ. ಶಾಲಾ ಮಕ್ಕಳ ಆಹಾರದ ಬಗ್ಗೆ ಎಫ್‌ಎಸ್‌ಎಸ್‌ಎಐ 2020ರಲ್ಲಿ ತಂದ ನಿಯಮದ ಪ್ರಕಾರ ಕೊಬ್ಬು, ಉಪ್ಪು, ಸಕ್ಕರೆ ಜಾಸ್ತಿ ಇರೋ ತಿನಿಸನ್ನ ಶಾಲೆ ಆವರಣದಲ್ಲಿ, ಗೇಟಿನಿಂದ ಸುತ್ತ 50 ಮೀಟರ್ ಒಳಗೆ ಮಾರೋ ಹಾಗಿಲ್ಲ. ಮಿಠಾಯಿ ಅಂದ್ರೆ ಸಕ್ಕರೆಯೇ ತಾನೆ. ಎಲ್ಲಿ ಇಟ್ಟರೂ ಎಫ್‌ಎಸ್‌ಎಸ್‌ಎಐ ನೋಂದಣಿ ಬೇಕು. ಬೇಕರಿಗೆ ಈಗಾಗಲೇ ಇದ್ದರೆ, ಮಷಿನ್ ಅದರೊಳಗೆ ಬರುತ್ತಾ ಅಂತ ನಿಮ್ಮ ತಾಲ್ಲೂಕಿನ ಆಹಾರ ಸುರಕ್ಷತಾ ಅಧಿಕಾರಿಯನ್ನ ಕೇಳಿ. ತುಂಬಿದ ಮಿಠಾಯಿಯ ಮೂಲ ಪ್ಯಾಕೆಟ್ ಎಸೀಬೇಡಿ. ಯಾರಾದ್ರೂ ತಯಾರಿಕೆ ದಿನಾಂಕ ಕೇಳಿದ್ರೆ ತೋರಿಸೋಕೆ ಅದೊಂದೇ ಇರೋದು.

ಬೇರೆಯವರ ಜಾಗದಲ್ಲಿ ಇಡೋದಾದ್ರೆ ಒಂದು ಹಾಳೆಯಲ್ಲಿ ಬರೆದುಕೊಳ್ಳಿ: ಪಾಲು ಎಷ್ಟು, ಎಣಿಸೋದು ಯಾವ ವಾರ, ಎಣಿಸುವಾಗ ಇಬ್ಬರೂ ಇರಬೇಕಾ. ಮಷಿನ್ ಮೇಲೆ ನಿಮ್ಮ ಫೋನ್ ನಂಬರ್ ಇರಲಿ. ಹತ್ತು ರೂಪಾಯಿ ನುಂಗಿದ ಮಷಿನ್ ಮುಂದೆ ನಿಂತ ಅಮ್ಮ ಯಾರಿಗಾದ್ರೂ ಫೋನ್ ಮಾಡಬೇಕಲ್ಲ, ಇಲ್ಲಾಂದ್ರೆ ಅಂಗಡಿಯವರನ್ನೇ ತರಾಟೆಗೆ ತಗೋತಾರೆ. ಬೀಗದ ಕೈ ಎರಡು ಮಾಡಿಸಿ, ಒಂದು ಮನೆಯಲ್ಲಿರಲಿ.