‘ಅಪ್’ ಎಂಬ ಪದದ ಪ್ರಯೋಗ



ಗುಂಡ್ಲುಪೇಟೆಯಿಂದ ಊಟಿಗೆ ಹೊರಟವನು ಇಂಗ್ಲಿಷಿನಲ್ಲಿ ‘ಅಪ್’ ಎನ್ನಬೇಕೋ, ‘ಡೌನ್’ ಎನ್ನಬೇಕೋ? ಭೂಪಟದಲ್ಲಿ ಊಟಿಯು ನೇರ ತೆಂಕಣಕ್ಕಿರುವುದರಿಂದ ‘ಡೌನ್’ ಎಂಬುದಕ್ಕೂ ಆಧಾರವುಂಟು. ಆದರೆ ದಾರಿಯು ಬಂಡೀಪುರದ ಕಾಡನ್ನು ದಾಟಿ, ನೀಲಗಿರಿಯಲ್ಲಿ ಸುಮಾರು 2,240 ಮೀಟರು ಎತ್ತರಕ್ಕೆ ಏರುವುದು. ಏರಿಕೆಯು ಕಣ್ಣಿಗೆ ಕಾಣುವಲ್ಲಿ ಭೂಪಟವನ್ನು ಬದಿಗಿಟ್ಟು ‘ಅಪ್’ ಎನ್ನುವುದೇ ಸಹಜವು. ಹಿಮವದ್ಗೋಪಾಲಸ್ವಾಮಿ ಬೆಟ್ಟಕ್ಕೂ ಇದೇ ನ್ಯಾಯ.

ಹಾಗೆಂದು ಈ ಪದವನ್ನು ಬೇಡದೆಡೆಯಲ್ಲಿ ಸೇರಿಸಕೂಡದು. ‘ಅಸೆಂಡ್’ ಎಂಬ ಕ್ರಿಯಾಪದದೊಳಗೇ ಏರುವಿಕೆಯಿದೆ. ‘ಅಸೆಂಡ್ ಅಪ್’ ಎಂದರೆ ಪುನರುಕ್ತಿ. ‘ಕೋಪ್ ಅಪ್ ವಿತ್’ ಎಂಬುದು ನಮ್ಮಲ್ಲಿ ಹಬ್ಬಿರುವ ತಪ್ಪು; ‘ಕೋಪ್ ವಿತ್’ ಎಂಬುದೇ ಸಾಧುರೂಪ. ಚಾಮರಾಜನಗರ, ಗುಂಡ್ಲುಪೇಟೆಗಳಿಂದ ಉದ್ಯೋಗಕ್ಕೆ ಅರ್ಜಿ ಬರೆಯುವ ತರುಣರು ಇದನ್ನು ಗಮನಿಸುವುದು ಲೇಸು. ಅರ್ಜಿಯನ್ನು ಓದುವವನಿಗೆ ಬರೆದವನ ಮುಖ ಕಾಣದು, ಮಾತು ಮಾತ್ರ ಕಾಣುವುದು.