ಮನೆಯ ಹಳೆಯ ವಸ್ತುಗಳೂ ಮಕ್ಕಳ ಆಟದ ಸಲಕರಣೆಗಳೂ

(ಮಹೋತ್ಸವದ ಶಿಕ್ಷಣ ಗೋಷ್ಠಿಯಲ್ಲಿ ಮಾಡಿದ ಉಪನ್ಯಾಸ)



ಶ್ರೀಮಠಗಳ ಪ್ರಸಾದನಿಲಯಗಳಲ್ಲಿ ಬಡವನ ಮಗನೂ ಸಾಹುಕಾರನ ಮಗನೂ ಒಂದೇ ಪಂಕ್ತಿಯಲ್ಲಿ ಕುಳಿತು ಪ್ರಸಾದವನ್ನು ಸ್ವೀಕರಿಸುವರು. ಈ ಸಮತೆಯು ನಾಡಿಗೆ ಭೂಷಣವಾದುದು. ಆದರೆ ಸಂಜೆಯಾಗಿ ಮಕ್ಕಳು ಬಯಲಿಗೆ ಹೊರಟೊಡನೆಯೆ ಆ ಪಂಕ್ತಿಯು ಒಡೆದು ಎರಡಾಗುವುದುಂಟು. ಅಂಗಡಿಯಿಂದ ತಂದ ಬ್ಯಾಟು ಯಾವನದೊ, ಆಟದ ಯಜಮಾನಿಕೆಯೂ ಅವನದೇ. ಅವನು ಮುನಿದು ಬ್ಯಾಟನ್ನು ಎತ್ತಿಕೊಂಡು ನಡೆದನೆಂದರೆ ಆಟವೇ ಮುಗಿಯಿತು. ಬರಿಗೈಯವನು ಓಡಿಹೋದ ಚೆಂಡನ್ನು ಹೆಕ್ಕಿ ತರುವುದಕ್ಕೆ ಮಾತ್ರ ಯೋಗ್ಯನೆನಿಸುವನು. ಊಟದಲ್ಲಿ ಅಳಿಸಿದ ಭೇದವನ್ನು ಆಟದಲ್ಲಿ ಬೆಳೆಯಗೊಡುವುದು ಉಚಿತವೆ?

ಇದಕ್ಕೆ ಪರಿಹಾರವು ಹಣವಂತರ ದೇಣಿಗೆಯೊಂದರಲ್ಲಿಯೇ ಇರುವುದೆಂದು ತಿಳಿಯತಕ್ಕದ್ದಲ್ಲ. ಹರಿದ ಸೀರೆ, ತೂತುಬಿದ್ದ ಸೈಕಲ್ಲಿನ ಟ್ಯೂಬು, ಸವೆದ ಬಾವಿಯ ಹಗ್ಗ, ಒಡೆದ ಹೆಂಚು, ಇವು ಯಾವ ಮನೆಯ ಮೂಲೆಯಲ್ಲಿ ಇಲ್ಲ? ಇವುಗಳಿಂದ ಆಡುವುದು ಗತಿಯಿಲ್ಲದವರ ಆಟವೆಂದು ಹಳಿಯುವವರೂ ಉಂಟು. ಅಂಥವರು ಬಾಸ್ಕೆಟ್‌ಬಾಲಿನ ಚರಿತ್ರೆಯನ್ನು ಒಮ್ಮೆ ನೋಡಬೇಕು. 1891ರ ಡಿಸೆಂಬರಿನಲ್ಲಿ ಅಮೆರಿಕದ ಸ್ಪ್ರಿಂಗ್‌ಫೀಲ್ಡ್ ಎಂಬ ಊರಿನಲ್ಲಿ, ಕ್ರೈಸ್ತ ತರುಣರ ಸಂಘದ ತರಬೇತಿ ಶಾಲೆಯಲ್ಲಿ, ಜೇಮ್ಸ್ ನೈಸ್ಮಿತ್ ಎಂಬ ಉಪಾಧ್ಯಾಯನು ಚಳಿಗಾಲದಲ್ಲಿ ಒಳಗೇ ಆಡತಕ್ಕ ಆಟವೊಂದನ್ನು ಕಲ್ಪಿಸಿದನು. ಗುರಿಯಾಗಿ ನಿಲ್ಲಿಸಲು ಎರಡು ಪೆಟ್ಟಿಗೆಗಳನ್ನು ಕೇಳಿದಾಗ ಶಾಲೆಯ ಕಾವಲುಗಾರನ ಬಳಿಯಲ್ಲಿದ್ದುದು ಪೀಚ್ ಹಣ್ಣಿನ ಎರಡು ಬುಟ್ಟಿಗಳು ಮಾತ್ರ. ಅವನ್ನೇ 10 ಅಡಿ ಎತ್ತರದ ಮೊಗಸಾಲೆಯ ಕಟಕಟೆಗೆ ಬಡಿದು, ಕಾಲ್ಚೆಂಡನ್ನೇ ಕೈಗೆ ಕೊಟ್ಟು ಆಟವನ್ನು ಆರಂಭಿಸಿದರು. ಬುಟ್ಟಿಗೆ ತಳವಿದ್ದುದರಿಂದ ಚೆಂಡು ಬಿದ್ದಾಗಲೆಲ್ಲ ಮೇಲೇರಿ ತೆಗೆಯಬೇಕಾಗುತ್ತಿತ್ತು! ಆ ಬುಟ್ಟಿಗಳು ಎಂದೋ ಹೋದವು. 10 ಅಡಿಯ ಆ ಎತ್ತರವು ಮಾತ್ರ ಇಂದಿಗೂ ಜಗತ್ತಿಗೆಲ್ಲ ಪ್ರಮಾಣವಾಗಿದೆ. ಹಾಗೆಯೇ ಕ್ರಿಕೆಟ್ಟಿನಲ್ಲಿ 99.94ರ ಸರಾಸರಿಯನ್ನು ಪಡೆದ ಡಾನ್ ಬ್ರಾಡ್ಮನ್ನನು ಬಾಲ್ಯದಲ್ಲಿ ಮನೆಯ ನೀರಿನ ತೊಟ್ಟಿಯ ಇಟ್ಟಿಗೆಯ ಕಟ್ಟೆಗೆ ಗಾಲ್ಫ್ ಚೆಂಡನ್ನು ಎಸೆದು, ಪುಟಿದು ಬಂದುದನ್ನು ಬರಿಯ ಸ್ಟಂಪಿನಿಂದ ಹೊಡೆದು ಕೈ ಪಳಗಿಸಿಕೊಂಡವನು.

ಚೆಂಡನ್ನು ಕಟ್ಟುವ ಕ್ರಮವನ್ನು ತುಸು ವಿಸ್ತಾರವಾಗಿ ಹೇಳುವುದು ಅವಶ್ಯ. ಏಕೆಂದರೆ ಹೊರಗಿನಿಂದ ಸುಲಭವಾಗಿ ಕಂಡರೂ ಹೆಚ್ಚಿನ ಚಿಂದಿಚೆಂಡುಗಳು ಎರಡನೆಯ ದಿನಕ್ಕೇ ಬಿಚ್ಚಿಹೋಗುತ್ತವೆ. ದೋಷವು ಚಿಂದಿಯದಲ್ಲ, ಸುತ್ತುವ ಕೈಯದು. ಮೊದಲು ಹಳೆಯ ಕಾಗದವನ್ನು ಬಿಗಿಯಾಗಿ ಉಂಡೆಮಾಡಿ ದಾರದಿಂದ ಬಿಗಿಯಬೇಕು. ಒಳಗೆ ಕಲ್ಲನ್ನು ಇಡುವ ಚಾಳಿ ಹುಡುಗರಲ್ಲಿ ಉಂಟು. ಅದನ್ನು ಕಟ್ಟುನಿಟ್ಟಾಗಿ ತಡೆಯಬೇಕು. ಪುಟಿಯುವ ಚೆಂಡು ಬೇಕಾದಲ್ಲಿ ಟ್ಯೂಬನ್ನು ಅಡ್ಡಲಾಗಿ ಬೆರಳಗಲದ ಬಳೆಗಳಾಗಿ ಕತ್ತರಿಸಿ, ಉಂಡೆಯ ಮೇಲೆ ಒಂದೊಂದನ್ನು ಒಂದೊಂದು ದಿಕ್ಕಿಗೆ ಎಳೆದು ತೊಡಿಸಬೇಕು. ಲಗೋರಿಯಲ್ಲಿ ಚೆಂಡನ್ನು ಮೈಗೇ ಎಸೆಯುವುದರಿಂದ ಅದಕ್ಕೆ ರಬ್ಬರು ಬೇಡ, ಬಟ್ಟೆಯೇ ಲೇಸು. ನೂಲಿನ ಹಳೆಯ ಸೀರೆಯನ್ನು ಎರಡು ಬೆರಳಗಲದ ಪಟ್ಟಿಗಳಾಗಿ ಹರಿದು, ಪ್ರತಿ ಸುತ್ತಿಗೂ ಉಂಡೆಯನ್ನು ತಿರುಗಿಸುತ್ತ ಸುತ್ತಿದರೆ ಗುಂಡಗೆ ಬರುವುದು. ಕಿತ್ತಳೆಯ ಗಾತ್ರವಾದ ಮೇಲೆ ಗಟ್ಟಿ ಬಟ್ಟೆಯ ಹೊದಿಕೆಯನ್ನಿಟ್ಟು ಹೊಲಿಯಬೇಕು. ಈ ಹೊಲಿಗೆಯನ್ನು ಕಲಿಸುವುದಕ್ಕೆ ಹೊರಗಿನಿಂದ ಯಾರನ್ನೂ ಕರೆಯಬೇಕಾಗಿಲ್ಲ. ಕೌದಿ ಹೊಲಿಯಬಲ್ಲ ಅಜ್ಜಿಯು ಮನೆಯಲ್ಲಿದ್ದರೆ ಆಕೆಯೇ ಗುರು. ತನ್ನ ಕೈಯಿಂದ ಹೊಲಿದ ಚೆಂಡನ್ನು ಹುಡುಗನು ಮಳೆಯಲ್ಲಿ ಬಿಟ್ಟು ಬರುವುದಿಲ್ಲವೆಂಬುದೂ ಗಮನಾರ್ಹವಾದುದು.

ಉಳಿದವು ಇಷ್ಟು ಶ್ರಮವನ್ನು ಬೇಡುವುದಿಲ್ಲ. ಬಾವಿಯ ಹಗ್ಗದ ಗಟ್ಟಿ ಭಾಗವನ್ನು ಕತ್ತರಿಸಿ, ನಡುವೆ ಕಾಲಿಟ್ಟು ನಿಂತರೆ ತುದಿಗಳು ಕಂಕುಳಿಗೆ ಮುಟ್ಟುವಷ್ಟು ಉದ್ದವಿಟ್ಟರೆ ಜಿಗಿಯುವ ಹಗ್ಗವಾಯಿತು. ತುಂಡಾಗಿ ಮಿಕ್ಕುದನ್ನು ಬಳೆಯಾಗಿ ಬಾಗಿಸಿ ಬಟ್ಟೆ ಸುತ್ತಿದರೆ ಎಸೆದಾಡುವ ರಿಂಗು. ಒಂದು ಲೀಟರಿನ ಪ್ಲಾಸ್ಟಿಕ್ ಶೀಶೆಗೆ ನೀರು ತುಂಬಿದರೆ ಒಂದು ಕಿಲೋ, ಒಣ ಮರಳು ತುಂಬಿದರೆ ಸುಮಾರು ಒಂದೂವರೆ ಕಿಲೋ ತೂಕವಾಗುವುದು. ತೋಳಿನ ವ್ಯಾಯಾಮಕ್ಕೆ ಬೇರೆ ಕಬ್ಬಿಣವೇಕೆ? ತೆಂಗಿನ ಗರಿಯ ಬುಡದ ಅಗಲವಾದ ಮಟ್ಟೆಯಿಂದ ಹಳ್ಳಿಯ ಮಕ್ಕಳು ತಾವಾಗಿಯೇ ಬ್ಯಾಟನ್ನು ಕೆತ್ತಿಕೊಳ್ಳುತ್ತಾರೆ. ಇವೆಲ್ಲವೂ ಹೆಣ್ಣುಮಕ್ಕಳಿಗೂ ಸಮನಾಗಿ ದೊರೆಯತಕ್ಕವು. ಚೆಂಡು ಹೊಲಿಯುವ ಕೆಲಸವನ್ನು ಅವರಿಗೆ ಹೇಳಿ, ಆಡುವ ಸುಖವನ್ನು ಗಂಡುಮಕ್ಕಳಿಗೆ ಬಿಡುವುದು ಶರಣರ ಸಮಾಜಕ್ಕೆ ಸಲ್ಲದು.

ಮನೆಯಲ್ಲಿ ಮಾಡಿದ್ದೆಲ್ಲವೂ ನಿರಪಾಯವೆಂದು ಇದರ ಅರ್ಥವಲ್ಲ. ಚಿಣ್ಣಿದಾಂಡಿನ ಚಿಣ್ಣಿಯು ಎರಡೂ ತುದಿ ಚೂಪಾಗಿ ಗಾಳಿಯಲ್ಲಿ ಹಾರುವಂಥದು. ಎದುರು ನಿಂತವರ ಕಣ್ಣಿಗೆ ಅದು ಎರವಾಗಬಲ್ಲದು. ತುದಿಯನ್ನು ಮೊಂಡುಮಾಡಿ, ನೋಡುವವರನ್ನು ಹೊಡೆಯುವವನ ಹಿಂದೆ ದೂರದಲ್ಲಿ ನಿಲ್ಲಿಸಬೇಕು. ಮಟ್ಟೆಯ ಬ್ಯಾಟಿನ ಹಿಡಿಗೆ ಬಟ್ಟೆ ಸುತ್ತದಿದ್ದರೆ ಸಿಬಿರು ಅಂಗೈಗೆ ನಾಟುವುದು. ಹಗ್ಗದ ಎಳೆಗಳನ್ನು ವಾರಕ್ಕೊಮ್ಮೆ ಹಿರಿಯರು ನೋಡಬೇಕು.

ಇನ್ನು ಕೆಲವೇ ದಿನಗಳಲ್ಲಿ ಈ ಮಹೋತ್ಸವದ ಚಪ್ಪರವನ್ನು ಬಿಚ್ಚುವರು. ಬಿದಿರಿನ ಗಳುಗಳೂ, ಕಟ್ಟಿದ ಹುರಿಗಳೂ, ದಾಸೋಹದ ಅಕ್ಕಿ ತುಂಬಿ ಬಂದ ಗೋಣಿಚೀಲಗಳೂ ರಾಶಿಯಾಗಿ ಉಳಿಯುವುವು. ವ್ಯವಸ್ಥಾಪಕರು ಅವುಗಳನ್ನು ಮಾರುವ ಮೊದಲು, ಎತ್ತರ ಜಿಗಿತಕ್ಕೆ ನಾಲ್ಕು ಗಳುಗಳನ್ನೂ, ಹುಲ್ಲು ತುಂಬಿ ಬೀಳುವೆಡೆಯಲ್ಲಿ ಹಾಸುವುದಕ್ಕೆ ಇಪ್ಪತ್ತು ಚೀಲಗಳನ್ನೂ, ಒಂದು ಹೊರೆ ಹುರಿಯನ್ನೂ ಪ್ರಸಾದನಿಲಯದ ಮಕ್ಕಳಿಗಾಗಿ ತೆಗೆದಿಡಬೇಕೆಂದು ಪ್ರಾರ್ಥನೆ.